ನಾರ್ಮಲ್ ಎಂಬ ಮಾತಿಗೆ ಯಾರ ಎದೆ ಅಳತೆ?

ಹತ್ತಿ ಮಿಲ್ಲಿನ ಕೂಲಿಕಾರರ ಆರೋಗ್ಯ ತಪಾಸಣೆ ಮಾಡುವ ಮಾನ್ಯ ಅಧಿಕಾರಿಗಳೇ,

ನನ್ನ ಅಕ್ಕನ ಎದೆಗೆ ನೀವು ಕೊಟ್ಟಿರುವ ‘ನಾರ್ಮಲ್’ ಎಂಬ ಪದವಿಯನ್ನು ದಯವಿಟ್ಟು ವಾಪಸು ತೆಗೆದುಕೊಳ್ಳಿ. ದೊಡ್ಡವರು ಪತ್ರದ ಮೊದಲ ಸಾಲು ಮಾತ್ರ ಓದುತ್ತಾರಂತೆ, ಅದಕ್ಕೇ ಬೇಡಿಕೆಯನ್ನು ಮೊದಲಿಗೇ ಹೇಳಿಬಿಟ್ಟೆ. ಇದೇ ಮಾತನ್ನು ತೆಲುಗಿನಲ್ಲಿ ಅರ್ಜಿ ಬರೆದು ನಿಮ್ಮ ಕಚೇರಿಗೆ ಕೊಟ್ಟಿದ್ದೆ. ಉತ್ತರವಿಲ್ಲ. ನನ್ನ ತೆಲುಗು ನಿಮಗೆ ತಿಳಿಯಲಿಲ್ಲವೋ ಏನೋ! ಈಗ ಕನ್ನಡದಲ್ಲಿ ಬರೆದು ಪತ್ರಿಕೆಗೇ ಕೊಡುತ್ತಿದ್ದೇನೆ, ನಾಲ್ಕು ಜನರಾದರೂ ಓದಲಿ.

ನಾನು ಗಡಿಯಾಚೆ, ತೆಲುಗು ಸೀಮೆಯ ಆದೋನಿಯ ಒಂದು ಕನ್ನಡ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು. ನಮ್ಮೂರು ಪೆದ್ದಹರಿವಾಣಂ. ನನ್ನನ್ನು ಓದಿಸಿದವಳು ನನ್ನ ಅಕ್ಕ ಉರುಕುಂದಮ್ಮ. ಆಕೆ ಇಲ್ಲಿಯ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ಬೀಜ ಬಿಡಿಸುವ ಯಂತ್ರದ ಬಾಯಿಗೆ ಹತ್ತಿ ಹಾಕುತ್ತಾಳೆ. ಸಂಜೆ ಮನೆಗೆ ಬಂದರೆ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗೆ. ಮಿಲ್ಲಿನವರು ಧರ್ಮಾತ್ಮರು, ಹೊರಡುವಾಗ ಪ್ರತಿಯೊಬ್ಬರ ಕೈಗೂ ಒಂದು ತುಂಡು ಬೆಲ್ಲ ಇಡುತ್ತಾರೆ. ಬೆಲ್ಲ ತಿಂದರೆ ಎದೆಯ ಧೂಳು ಹೊಟ್ಟೆಗೆ ಇಳಿದು ಹೋಗುತ್ತದೆಂಬ ನಂಬಿಕೆ. ಅನ್ನನಾಳ ಬೇರೆ, ಶ್ವಾಸನಾಳ ಬೇರೆ ಎಂದು ಏಳನೇ ತರಗತಿಯ ಮಕ್ಕಳಿಗೂ ಗೊತ್ತು. ಆದರೆ ಮಾಲೀಕರಿಗೆ ಅಗ್ಗದಲ್ಲಿ ಸಿಗುವ ಔಷಧ ಅದೊಂದೇ ನೋಡಿ.

ಅಲ್ಲಿಯ ಹೆಂಗಸರಲ್ಲಿ ‘ಸೋಮವಾರದ ದಮ್ಮು’ ಅಂತ ಒಂದು ಮಾತಿದೆ. ಭಾನುವಾರ ಮಿಲ್ಲಿಗೆ ರಜೆ. ಆ ದಿನ ಎದೆ ಹಗುರ. ಸೋಮವಾರ ಮತ್ತೆ ಧೂಳಿಗೆ ಹೋದರೋ, ಸಂಜೆ ಹೊತ್ತಿಗೆ ಯಾರೋ ಎದೆಗೆ ಹಗ್ಗ ಬಿಗಿದ ಹಾಗೆ. ಅಕ್ಕನಿಗೆ ಮೊದಲು ಸೋಮವಾರ ಮಾತ್ರ ಹೀಗಾಗುತ್ತಿತ್ತು, ಈಗ ವಾರವೆಲ್ಲಾ ಸೋಮವಾರವೇ. ಅದಕ್ಕೇ ಆಕೆ ಮೇಸ್ತ್ರಿಯ ಹತ್ತಿರ ಹೋಗಿ, ಒಳಗಿನ ಕೆಲಸ ಬೇಡ, ಗೇಟಿನ ಬೇವಿನ ಮರದ ಕೆಳಗೆ ಚೀಲ ಹೊಲಿಯಲು ಹಾಕಿರಿ ಎಂದು ಕೇಳಿಕೊಂಡಳು. ಅಯ್ಯೋ ಪಾಪ ಎಂದು ಆತನೂ ಒಪ್ಪಿದ್ದ, ಸಂಕ್ರಾಂತಿ ಕಳೆಯಲಿ ಅಂದಿದ್ದ.

ಅಷ್ಟರಲ್ಲಿ ತಾವು ದಯಮಾಡಿಸಿದಿರಿ. ಯಾವತ್ತು? ಸಂಕ್ರಾಂತಿಯ ಮರುದಿನ, ಕನುಮದ ದಿನ! ಭೋಗಿ, ಸಂಕ್ರಾಂತಿ, ಕನುಮ, ಮೂರು ದಿನವೂ ಮಿಲ್ಲು ಬಂದ್. ಯಂತ್ರ ತಣ್ಣಗೆ, ಗಾಳಿ ಶುದ್ಧ, ಅಂಗಳಕ್ಕೆ ನೀರು ಬೇರೆ ಚಿಮುಕಿಸಿದ್ದರಂತೆ. ಮಾಮೂಲಿ ದಿನವೇ ಊಟದ ಹೊತ್ತಾದರೆ ಕುರ್ಚಿಯಲ್ಲಿ ಸಿಗದ ತಾವು ಹಬ್ಬದ ದಿನ ಮನೆಮಂದಿಯನ್ನು ಬಿಟ್ಟು ಜೀಪು ಹತ್ತಿ ಬಂದಿರಿ ಎಂದರೆ ಅದೆಂಥ ಕಾಳಜಿ! ಕೆಲಸಕ್ಕೆ ಅಡ್ಡಿಯಾಗಬಾರದೆಂದು ಹಾಗೆ ಮಾಡಿದ್ದು ಅಂದಿರಿ. ಯಾರ ಕೆಲಸಕ್ಕೆ, ಸ್ವಾಮಿ? ದಮ್ಮು ಹುಡುಕಲು ಬಂದವರು ದಮ್ಮು ಇಲ್ಲದ ದಿನವನ್ನೇ ಆರಿಸಿದ್ದು ಯೋಗಾಯೋಗವೇ?

ರಜೆಯಲ್ಲೂ ಹೇಳಿಕಳಿಸಿ ಕರೆಸಿದ್ದ ಹೆಂಗಸರೆಲ್ಲ ಸಾಲಾಗಿ ನಿಂತು, ಉಸಿರಿನ ಬಲ ಅಳೆಯುವ ನಿಮ್ಮ ಯಂತ್ರದ ಕೊಳವೆಗೆ ಊದಿದರು. ನೀವು ಪ್ರತಿಯೊಬ್ಬರಿಗೂ “ಏಮೀ ಲೇದಮ್ಮಾ, ಅಂತಾ ನಾರ್ಮಲೇ” ಎಂದು ನಗುನಗುತ್ತ ಹೇಳಿದಿರಿ. ಏನೂ ಇಲ್ಲ, ಎಲ್ಲಾ ನಾರ್ಮಲ್. ಮಿಲ್ಲಿಗೆ ಮಿಲ್ಲೇ ನಾರ್ಮಲ್, ಒಬ್ಬಳನ್ನೂ ಬಿಡದೆ. ನಾನು ಮೇಷ್ಟ್ರ ಕೆಲಸದವಳು. ಇಡೀ ತರಗತಿ ಒಂದೇ ಉತ್ತರ ಬರೆದಿದ್ದರೆ, ಎಲ್ಲರೂ ಬುದ್ಧಿವಂತರಾದರು ಎಂದು ನಾನು ಸಿಹಿ ಹಂಚುವುದಿಲ್ಲ. ಉತ್ತರ ಎಲ್ಲಿಂದ ಬಂತು ಎಂದು ಕೇಳುತ್ತೇನೆ.

ಹಾಗೇ ಕೇಳಲು ನಿಮ್ಮ ಕಚೇರಿಗೂ ಬಂದೆ, ನೆನಪಿರಬಹುದು. ಯಾವುದರ ಜೊತೆ ಹೋಲಿಸಿ ನಾರ್ಮಲ್ ಅಂದಿರಿ ಸಾರ್ ಎಂದೆ. ನೀವು ಮುಚ್ಚಿಡಲಿಲ್ಲ, ಹೆಮ್ಮೆಯಿಂದಲೇ ಹೇಳಿದಿರಿ: “ಹೊರದೇಶದವರ ಲೆಕ್ಕ ಮನಕೆಂದುಕು, ನಮಗ್ಯಾಕೆ ಟೀಚರಮ್ಮಾ? ನಮ್ಮ ಕಡೆಯ ಮಿಲ್ಲುಗಳ ಕೂಲಿಯವರನ್ನೇ ಅಳೆದು ಸರಾಸರಿ ತೆಗೆದಿದ್ದೇವೆ. ನಮ್ಮವರಿಗೆ ನಮ್ಮದೇ ಅಳತೆ.” ಎಷ್ಟು ಅಭಿಮಾನದ ಮಾತು! ಧೂಳು ಕುಡಿದ ಎದೆಗಳನ್ನೆಲ್ಲ ಸೇರಿಸಿ, ಭಾಗಿಸಿ, ಬಂದದ್ದನ್ನು ಆರೋಗ್ಯ ಎಂದು ಕರೆದು, ಅದೇ ಎದೆಗಳಿಗೆ ಅದನ್ನು ಹಿಡಿದು ನೋಡಿದರೆ ನಾರ್ಮಲ್ ಬರದೆ ಇನ್ನೇನು ಬಂದೀತು? ಇನ್ನು ದಮ್ಮು ತಡೆಯಲಾರದೆ ಕೆಲಸ ಬಿಟ್ಟು ಊರು ಸೇರಿದವರು ನಿಮ್ಮ ಲೆಕ್ಕದಲ್ಲಿ ಇರಲೇ ಇಲ್ಲ. ನೀವು ಸಾಮಾನ್ಯರಲ್ಲ ಬಿಡಿ.

ಆವತ್ತಿನಿಂದ ಈ ಪದದ ಬೆನ್ನು ಹತ್ತಿದ್ದೇನೆ. ಹತ್ತನೇ ತರಗತಿಗೆ ಬೆಳಕಿನ ಪಾಠ ಮಾಡುವಾಗ ದರ್ಪಣದ ಮೇಲೆ ನೆಟ್ಟಗೆ ನಿಲ್ಲುವ ಒಂದು ಗೆರೆ ಎಳೆಯುತ್ತೇನೆ. ನಮ್ಮ ಪುಸ್ತಕದಲ್ಲಿ ಅದು ಲಂಬ, ಇಂಗ್ಲಿಷ್ ಪುಸ್ತಕದಲ್ಲಿ ಅದೇ ನಾರ್ಮಲ್. ಗೆರೆಗೂ ಜ್ವರವಿಲ್ಲದ ಮೈಗೂ ಒಂದೇ ಹೆಸರು ಯಾಕೆ ಎಂದು ಮಕ್ಕಳು ಕೇಳಿದಾಗಲೆಲ್ಲ ನಾಳೆ ಹೇಳುತ್ತೇನೆಂದು ಜಾರಿಕೊಂಡಿದ್ದೆ. ಈಗ ಹುಡುಕಿದೆ. ಲ್ಯಾಟಿನ್ ಭಾಷೆಯಲ್ಲಿ ನಾರ್ಮಾ ಎಂದರೆ ಬಡಗಿಯ ಮೂಲೆಮಟ್ಟ! ಬಾಗಿಲ ಚೌಕಟ್ಟು ನೆಟ್ಟಗಿದೆಯೋ ಸೊಟ್ಟಗಿದೆಯೋ ನೋಡಲು ಮೂಲೆಗೆ ಹಿಡಿಯುತ್ತಾರಲ್ಲ, ಅದು. ಅಲ್ಲಿಂದ ಗಣಿತದವರು ನೆಟ್ಟಗಿನ ಗೆರೆಗೆ ಆ ಹೆಸರಿಟ್ಟರು. ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಮೇಷ್ಟ್ರುಗಳನ್ನು ತಯಾರು ಮಾಡುವ ಶಾಲೆಗೂ ನಾರ್ಮಲ್ ಸ್ಕೂಲ್ ಎನ್ನುತ್ತಿದ್ದರು. ಪಾಠ ಹೇಗೆ ಮಾಡಬೇಕೋ ಹಾಗೆ ಮಾಡಿ ತೋರಿಸುವ ಜಾಗ. ಅಲ್ಲಿಯವರೆಗೂ ಪದ ಮರ್ಯಾದೆಯಾಗಿಯೇ ಬಾಳಿತು. ಹೇಗಿದೆ ಎಂದಲ್ಲ, ಹೇಗಿರಬೇಕು ಎಂದು ಹೇಳುತ್ತಿತ್ತು.

ಆಮೇಲೆ ಯುರೋಪಿನಲ್ಲಿ ಲೆಕ್ಕಿಗರು ಬಂದರು. ಕೇಳಿದರೆ ನಗುತ್ತೀರಿ: ಅವರು ಮೊದಮೊದಲು ಅಳೆದದ್ದರಲ್ಲಿ ಸ್ಕಾಟ್ಲೆಂಡಿನ ಸಿಪಾಯಿಗಳ ಎದೆಯ ಸುತ್ತಳತೆಯೂ ಒಂದು. ಸಾವಿರಾರು ಎದೆ ಅಳೆದು, ನಡುವೆ ಬಂದದ್ದನ್ನೇ ಮಾದರಿ ಎಂದರು. ವೈದ್ಯರಿಗೂ ಆ ರುಚಿ ಹತ್ತಿತು. ಹಾಗೆ ನಾರ್ಮಲ್ ಎಂದರೆ ‘ನೆಟ್ಟಗಿರುವುದು’ ಹೋಗಿ ‘ಬಹಳ ಜನರಲ್ಲಿ ಇರುವುದು’ ಆಯಿತು. ಆದರೆ ಅವರಾದರೂ ಗಟ್ಟಿಮುಟ್ಟಾದ ಸಿಪಾಯಿಗಳನ್ನು ಹಿಡಿದು ಅಳೆದರು, ಅಷ್ಟು ಬುದ್ಧಿ ಇತ್ತು. ನೀವು ಅದನ್ನೂ ಬಿಟ್ಟಿರಿ. ನಮ್ಮ ಓಣಿಯ ಬಾಗಿಲುಗಳೆಲ್ಲ ಸೊಟ್ಟಗಿದ್ದರೆ ಯಾವ ಬಡಗಿಯಾದರೂ ಮೂಲೆಮಟ್ಟವನ್ನೇ ಬಗ್ಗಿಸಿ ಅವಕ್ಕೆ ಸರಿಹೊಂದಿಸಿದ್ದನ್ನು ನೋಡಿದ್ದೀರಾ? ಹಾಗೆ ಮಾಡಿದವನಿಗೆ ನಮ್ಮೂರಲ್ಲಿ ಯಾರೂ ಇನ್ನೊಂದು ಬಾಗಿಲು ಮಾಡಲು ಕೊಡುವುದಿಲ್ಲ. ನಿಮಗೆ ಮಾತ್ರ ಇಡೀ ಜಿಲ್ಲೆಯ ಮಿಲ್ಲುಗಳನ್ನು ಕೊಟ್ಟಿದ್ದಾರೆ.

ಮಾಲೀಕರ ಮನೆಯಲ್ಲಿ ಅವತ್ತು ನಿಮಗೆ ಹಬ್ಬದೂಟ ಆಯಿತಂತೆ. ಊಟಕ್ಕೂ ವರದಿಗೂ ಸಂಬಂಧವಿದೆ ಎಂದು ನಾನು ಹೇಳುತ್ತಿಲ್ಲ, ನನ್ನ ಹತ್ತಿರ ಸಾಕ್ಷಿಯಿಲ್ಲ. ಅನುಮಾನವಿದೆ, ಅದನ್ನು ನುಂಗಿಕೊಳ್ಳಲು ಬೆಲ್ಲದ ತುಂಡು ಸಾಲುವುದಿಲ್ಲ.

ವರದಿ ಬಂದ ಮರುದಿನವೇ ಮೇಸ್ತ್ರಿ ರಾಗ ಬದಲಿಸಿದ. “ಸರ್ಕಾರದೋರ ನಾರ್ಮಲ್ ಅಂದಾರ, ಇನ್ನ ಬೇವಿನ ಗಿಡದ ನೆಳ್ಳು ಯಾಕ ಬೇಕವ್ವ ನಿನಗ?” ಅಂದನಂತೆ. ಅಕ್ಕ ಮತ್ತೆ ಯಂತ್ರದ ಮುಂದೆ. ಅದಕ್ಕಿಂತ ನನ್ನ ಹೊಟ್ಟೆ ಉರಿಸಿದ್ದು ಬೇರೆ. ಕರ್ನೂಲಿಗೆ ಹೋಗಿ ಎದೆಯ ಡಾಕ್ಟರಿಗೆ ತೋರಿಸೋಣ ಬಾ ಎಂದು ಕರೆದರೆ ಆಕೆಯೇ ಒಲ್ಲೆ ಅನ್ನುತ್ತಾಳೆ. “ಸುಮ್ಕಿರು ತಂಗಿ. ಅಷ್ಟ ದೊಡ್ಡ ಮಿಷನ್ ತಂದು ನೋಡ್ಯಾರ. ಅವರಿಗಿಂತ ನನ್ನ ಎದೀಗಿ ಹೆಚ್ಚು ತಿಳೀತೈತೇನು? ನಂದ ಏನೋ ಭ್ರಮಿ ಇರಬೇಕು.” ಹೀಗೆ ಹೇಳುವಾಗ ನಡುವೆ ಮೂರು ಸಲ ನಿಂತು ಉಸಿರು ತೆಗೆದುಕೊಂಡಳು. ಮಿಲ್ಲು ಆಕೆಯ ಉಸಿರು ಕಿತ್ತುಕೊಂಡಿತ್ತು. ನೀವು ತನ್ನ ನೋವಿನ ಮೇಲೆ ಆಕೆಗಿದ್ದ ನಂಬಿಕೆಯನ್ನೂ ಕಿತ್ತುಕೊಂಡಿರಿ. ಇದನ್ನು ನಾನು ಕ್ಷಮಿಸಲಾರೆ.

ಒಂದು ಮಾತು ಹೇಳಿ ಮುಗಿಸುತ್ತೇನೆ. ನೀವು ಬರುವ ಎರಡು ದಿನ ಮೊದಲು, ಭೋಗಿಯ ಬೆಳಿಗ್ಗೆ, ನಾವಿಬ್ಬರೂ ಪೆದ್ದಹರಿವಾಣಂನಲ್ಲಿ ಅವ್ವನ ಮನೆಯಲ್ಲಿದ್ದೆವು. ನಮ್ಮವ್ವ ಎರ್ರಮ್ಮನಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಕಟ್ಟಿಗೆ ಒಲೆಯ ಮೇಲೆಯೇ ಆಗಬೇಕು. ಅಕ್ಕ ಊದುಗೊಳವೆ ಹಿಡಿದು ಕೂತಳು. ಊದಿದಳು, ಬೂದಿ ಹಾರಿತು. ಮತ್ತೆ ಊದಿದಳು, ಕೆಮ್ಮು ಬಂತು, ಕಣ್ಣು ಕೆಂಪಾದವು, ಕಟ್ಟಿಗೆ ಹೊಗೆಯಾಡಿತೇ ಹೊರತು ಹೊತ್ತಲಿಲ್ಲ. “ಏನಾಗೈತೇ ನಿನಗ, ಸರಿ ಅತ್ಲಾಗ” ಎಂದು ಅವ್ವ ಕೊಳವೆ ಕಸಿದುಕೊಂಡಳು. ಬಾಯಲ್ಲಿ ಹಲ್ಲಿಲ್ಲದ ಮುದುಕಿ ಒಂದೇ ಉಸಿರಿಗೆ ಊದಿದಳು. ಒಲೆ ಧಗ್ಗನೆ ಹೊತ್ತಿಕೊಂಡಿತು. ಅವ್ವ ಹೊಲದಲ್ಲಿ ದುಡಿದವಳು, ಜಿನ್ನಿನ ಹೊಸಲು ತುಳಿದವಳಲ್ಲ.

ಆದ್ದರಿಂದ, ಅಧಿಕಾರಿಗಳೇ, ಒಂದು ಸೋಮವಾರ ಬನ್ನಿ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಒಮ್ಮೆ, ಸಂಜೆ ಬಿಡುವಾಗ ಒಮ್ಮೆ ಊದಿಸಿ. ಹೋಲಿಸಲು ಮಿಲ್ಲಿಗೆ ಕಾಲಿಡದ ಎದೆಗಳನ್ನು ತೆಗೆದುಕೊಳ್ಳಿ, ನಮ್ಮೂರಲ್ಲಿ ಬೇಕಾದಷ್ಟು ಇವೆ. ಅಲ್ಲಿಯವರೆಗೆ ಆ ಹಳೆಯ ವರದಿ ರದ್ದಾಗಲಿ, ಅಕ್ಕ ಬೇವಿನ ಮರದ ಕೆಳಗೆ ಕೂರಲಿ.

ಈ ಪತ್ರವನ್ನು ನಿನ್ನೆ ಅಕ್ಕನಿಗೆ ಓದಿ ಹೇಳಿದೆ. ಬಡಗಿಯ ಮಾತಿಗೆ ನಕ್ಕಳು, ಒಲೆಯ ಮಾತು ಬಂದಾಗ ಅದನ್ನೇ ಇನ್ನೊಮ್ಮೆ ಓದಿಸಿದಳು. “ಅವರಿಗೆ ಒಂದ ಕೇಳ ತಂಗಿ,” ಅಂದಳು. “ನಾನು ನಾರ್ಮಲ್ ಅಂದ್ರ, ಅವ್ವ ಏನು?”

ಇಂತಿ,
ದಿನವೂ ನೆಟ್ಟನೆಯ ಗೆರೆ ಎಳೆದೂ ಮನೆಯವರ ಎದೆಯ ಸೊಟ್ಟ ಲೆಕ್ಕ ತಿದ್ದಲಾಗದ
ಸುಜಾತಾ, ವಿಜ್ಞಾನ ಶಿಕ್ಷಕಿ, ಆದೋನಿ