ತೋಪಿನಲ್ಲಿ ಸಿಕ್ಕ ನಿಶ್ಶಬ್ದ

ಮಾರ್ಚ್ 4, ಸಂಜೆ

ಸಂಗೀತ ಶಾಲೆಯಿಂದ ಮತ್ತೆ ಫೋನ್. ಮೇಲಿನ ಸ್ಥಾಯಿ ಸರಿಯಿಲ್ಲವಂತೆ. ಪಿಯಾನೋದ ಬಲತುದಿಯ ಆ ಕೀಗಳನ್ನು ಮೊನ್ನೆಯಷ್ಟೇ ಒಂದೊಂದಾಗಿ ಶ್ರುತಿ ಮಾಡಿ ಬಂದಿದ್ದೇನೆ! ತಂತಿ ಹಳೆಯದು, ರೂಮಿನಲ್ಲಿ ಏಸಿ ಬೇರೆ, ಅಂದೆ. ಪ್ರಿನ್ಸಿಪಾಲ್ "ಹೌದಾ" ಅಂದರು. ಆ "ಹೌದಾ" ನನಗೆ ಹಿಡಿಸಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನುಡಿಸಲು ಬಾರದವರಿಗೆಲ್ಲ ಟ್ಯೂನರ್ ಸರಿಯಿಲ್ಲ.

ಭಾಮೈದ ಬಿದ್ದು ಕೈ ಮುರಿದುಕೊಂಡ ಮೇಲೆ ನಮ್ಮ ಪಿಯಾನೋ ರಿಪೇರಿ ಅಂಗಡಿಯ ಕೆಲಸವೆಲ್ಲ ನನ್ನೊಬ್ಬನ ತಲೆಗೆ. ದೂರುಗಳೂ ಈಗಲೇ. ಸುಸ್ತು. ಐವತ್ತೆರಡಕ್ಕೇ ಇಷ್ಟು ಸುಸ್ತು ಇರಬೇಕಾ? ಮನೆಗೆ ಬಂದು ಬಾಗಿಲು ದಡಾರನೆ ಹಾಕಿದೆ. ಇವಳು ಕಾದಿದ್ದವಳಂತೆ ಶುರು ಮಾಡಿದಳು.

"ಆ ಧ್ಯಾನದ ಮೇಷ್ಟ್ರ ಹತ್ರ ಹೋಗಿ ಅಂತ ಬಡ್ಕೊಂಡೆ. ನನ್ನ ಮಾತು ಯಾವತ್ತಾದ್ರೂ ಕಿವಿಗೆ ಹಾಕ್ಕೊಂಡಿದೀರಾ?"

ಮಾರ್ಚ್ 6

ಹೋದೆ. ಊರಾಚೆ ಕೆರೆ, ದಂಡೆಗೆ ಹತ್ತಿಕೊಂಡು ತೋಪು. ಎಲ್ಲ ನನ್ನ ವಯಸ್ಸಿನವರೇ. ಕೆಲಸ ಬಿಟ್ಟವರು, ಬಿಡಿಸಿಕೊಂಡವರು, ಗಂಡನನ್ನು ಬಿಟ್ಟ ಒಬ್ಬ ನರ್ಸಮ್ಮ. ಮೇಷ್ಟ್ರು ಹಿಂದೆ ಡ್ರಿಲ್ ಮಾಸ್ಟರ್ ಅಂತೆ. "ಉಸಿರು ಒಳಗೆ" ಅಂದರೆ ಸಲ್ಯೂಟ್ ಹೊಡೆಯಬೇಕು ಅನ್ನಿಸುತ್ತದೆ. ಮೈಂಡ್‌ಫುಲ್‌ನೆಸ್... ಮಂಡಿ ನೋವು. ಇರುವೆ ಕಾಟ.

ಮಾರ್ಚ್ 13

ಇವತ್ತು ಆಯಿತು! ಕಣ್ಣು ಮುಚ್ಚಿ ಕೂತರೆ ಸುತ್ತ ಏನೂ ಇಲ್ಲ. ಪೂರ್ತಿ ನಿಶ್ಶಬ್ದ. ಎದೆ ಹಗುರ. ಎಷ್ಟು ವರ್ಷವಾಗಿತ್ತು ಹೀಗೆ ಅನ್ನಿಸಿ.

ಏನೇನು ಕೇಳಿಸಿತು ಅಂತ ಮೇಷ್ಟ್ರು ಒಬ್ಬೊಬ್ಬರನ್ನೇ ವಿಚಾರಿಸಿದರು. ನಾನು ಕೊಂಚ ಜಂಬದಿಂದಲೇ "ಮೌನ" ಅಂದೆ.

ನರ್ಸಮ್ಮ ನಕ್ಕುಬಿಟ್ಟಳು. "ಎಂಥ ಮೌನ ರೀ! ನಿಮ್ಮ ತಲೆ ಮೇಲೇ ಕೂತು ಆ ಹಕ್ಕಿ ಒಂದೇ ಸಮ ಕಿರುಚ್ತಿತ್ತಲ್ಲ. ನನ್ನ ಕಿವಿ ತೂತು ಬಿತ್ತು."

ಮೇಷ್ಟ್ರು ನನ್ನ ಬೆನ್ನು ತಟ್ಟಿದರು. "ಅಷ್ಟು ಕಿರುಚಿದ್ರೂ ಇವರಿಗೆ ಕೇಳಿಸಿಲ್ಲ ಅಂದ್ರೆ ನೋಡಿ, ಏಕಾಗ್ರತೆ ಅಂದ್ರೆ ಇದು!"

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ನಕ್ಕೆ.

ಮಾರ್ಚ್ 14, ಬೆಳಗ್ಗೆ

ಎಲ್ಲರಿಗಿಂತ ಮೊದಲೇ ಹೋದೆ. ಹಕ್ಕಿ ಅಲ್ಲೇ ಇತ್ತು, ಕೈಗೆಟುಕುವ ಕೊಂಬೆಯಲ್ಲಿ. ಮುಷ್ಟಿಯೊಳಗೆ ಹಿಡಿಸುವಷ್ಟು, ಕಂದು ಬಣ್ಣ. ಕೊಕ್ಕು ತೆರೆದಿದೆ. ಗಂಟಲು ನಡುಗುತ್ತಿದೆ. ಬಾಲ ಕುಣಿಯುತ್ತಿದೆ.

ಸದ್ದಿಲ್ಲ.

ಕೆರೆಯ ಬಾತುಕೋಳಿ ಕೇಳಿಸಿತು. ರಸ್ತೆಯ ಲಾರಿ ಕೇಳಿಸಿತು. ನನ್ನ ಉಸಿರು ಕೇಳಿಸಿತು. ಅಷ್ಟರಲ್ಲಿ ನರ್ಸಮ್ಮ ಬಂದಳು, ಮೇಲೆ ನೋಡಿ, "ಶುರು ಹಚ್ಕೊಂಡ್ಯಾ ಮಹರಾಯ" ಅಂದಳು.

ಹೆದರಿಕೆ. ಧ್ಯಾನಕ್ಕೆ ಕೂರದೆ ಬಂದುಬಿಟ್ಟೆ.

ಮಾರ್ಚ್ 27

ಕಿವಿ ಡಾಕ್ಟರು. ಗಾಜಿನ ಕೋಣೆ, ಹೆಡ್‌ಫೋನ್, ಕೈಯಲ್ಲಿ ಬಟನ್. ಸದ್ದು ಕೇಳಿದಾಗ ಒತ್ತಬೇಕು. ಒಂದಷ್ಟು ಒತ್ತಿದೆ. ಆಮೇಲೆ ಯಾಕೋ ನಿಲ್ಲಿಸಿಬಿಟ್ಟರು ಅಂತ ಕಾದು ಕೂತೆ. ಅವರು ನಿಲ್ಲಿಸಿರಲಿಲ್ಲ.

"ಮಾತು ಕೇಳಿಸುತ್ತೆ, ಏನೂ ತೊಂದರೆಯಿಲ್ಲ. ಮೇಲಿನ ಸ್ವರಗಳು ಹೋಗಿವೆ. ವಾಪಸ್ ಬರೋದಲ್ಲ. ಏನು ಕೆಲಸ ನಿಮ್ದು?"

"ಅಂಗಡಿ ಇದೆ" ಅಂದೆ. ಏನು ಅಂಗಡಿ ಅಂತ ಅವರು ಕೇಳಲಿಲ್ಲ, ಪುಣ್ಯ.

ಇಲ್ಲಿ ಬರೆಯಬಹುದು. ಕೊನೆಯ ಕೀಗಳು ನನಗೆ ಬಹಳ ದಿನದಿಂದ ಬರೀ ಟಕ್ ಟಕ್. ಮರದ ಸದ್ದು. ತಂತಿಗೆ ಬಡಿಯುವ ಸುತ್ತಿಗೆ ಸವೆದಿದೆ, ತಂತಿ ಸತ್ತಿದೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡು, ಕೈಯ ಅಭ್ಯಾಸದ ಮೇಲೆ ಬಿರಡೆ ತಿರುಗಿಸಿ ಬರುತ್ತಿದ್ದೆ.

ವಾಷಿಂಗ್ ಮಷೀನ್ ಅಷ್ಟು ಹೊತ್ತು ಕೂಗಿದರೂ ಏಳಲಿಲ್ಲ ಅಂತ ಇವಳು ಸಂಜೆ ರೇಗಿದಳು. ಸುಮ್ಮನೆ ಬೈಸಿಕೊಂಡೆ. ಕಿವುಡ ಅನ್ನಿಸಿಕೊಳ್ಳುವುದಕ್ಕಿಂತ ಸೋಮಾರಿ ಅನ್ನಿಸಿಕೊಳ್ಳುವುದು ವಾಸಿ.

ಏಪ್ರಿಲ್ 2

ನಾಡಿದ್ದು ದೊಡ್ಡ ಹಾಲ್‌ನ ಪಿಯಾನೋ. ಮಾರನೆಯ ದಿನ ಅಲ್ಲಿ ಕಚೇರಿ. ನಮ್ಮ ಅಂಗಡಿಗೆ ಹೆಸರು ತಂದುಕೊಟ್ಟ ಕೆಲಸ. ಫೋನಿನಲ್ಲಿ ಟ್ಯೂನಿಂಗ್ ಆಪ್ ಹಾಕಿಕೊಂಡು ಅಂಗಡಿಯ ಹಳೆ ಪಿಯಾನೋದ ಮೇಲೆ ನೋಡಿದೆ. ಮುಳ್ಳು ನಡುವೆ ನಿಂತಿತು. ಸರಿಯಾಯಿತಂತೆ! ನನಗೆ ಅದೇ ಟಕ್. ಅಡುಗೆಯ ರುಚಿಯನ್ನು ಪಕ್ಕದ ಮನೆಯವರನ್ನು ಕೇಳಿದ ಹಾಗಾಯಿತು.

ಬೆಳಗ್ಗೆ ತೋಪಿಗೆ ಹೋಗಿದ್ದೆ, ಇಷ್ಟು ದಿನದ ಮೇಲೆ. "ಇರೋದನ್ನ ಇರೋ ಹಾಗೇ ನೋಡಿ" ಅಂದರು ಮೇಷ್ಟ್ರು. ದಿನಾ ಹೇಳುವ ಮಾತೇ. ಹೇಳುವವರಿಗೇನು, ಸುಲಭ. ಆದರೂ ನೋಡುತ್ತಾ ಕೂತೆ. ಎಲೆಗಳು ಅಲ್ಲಾಡುವುದು ಕಾಣುತ್ತದೆ, ಕೇಳುವುದಿಲ್ಲ. ಅಳು ಬಂತು. ಕೆಮ್ಮಿದ ಹಾಗೆ ಮಾಡಿದೆ.

ಇನ್ನು ಮುಚ್ಚಿಡಲಾರೆ. ನಾಳೆ ಭಾಮೈದನಿಗೆ ಹೇಳಿಬಿಡುವುದು.

ಏಪ್ರಿಲ್ 3, ಮಧ್ಯಾಹ್ನ

ಹೇಳಿದೆ. ಒಂದೇ ಉಸಿರಿಗೆ. ಅವನು ಪ್ಲಾಸ್ಟರ್ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಕಿತ್ತಳೆ ಸುಲಿಯಲು ಒದ್ದಾಡುತ್ತಿದ್ದ. ತಲೆ ಎತ್ತಲಿಲ್ಲ.

"ಗೊತ್ತು ಭಾವ."

"ಏನ್ ಗೊತ್ತು?"

"ಎರಡು ವರ್ಷ ಆಯ್ತು. ನೀವು ಹೋಗ್ಬಂದ ಕಡೆಗೆಲ್ಲ ನಾನು ಮಾರನೇ ದಿನ ಹೋಗ್ತಿದ್ದೆ. ಪೆಡಲ್ ಚೆಕ್ ಮಾಡ್ಬೇಕು ಅಂತ ಏನೋ ಒಂದು ನೆಪ ಹೇಳಿ... ಮೇಲಿನ ಸ್ಥಾಯಿ ಸರಿ ಮಾಡಿ ಬರ್ತಿದ್ದೆ. ಈಗ ಕೈ ಹಿಂಗಾಗಿ ಕೂತೆ. ಇಲ್ದಿದ್ರೆ ನಿಮಗೆ ದೂರೇ ಬರ್ತಿರ್ಲಿಲ್ಲ."

"ನಿಮ್ಮಕ್ಕಂಗೆ ಗೊತ್ತಾ?"

"ಯಾರಿಗೂ ಹೇಳಿಲ್ಲ. ನಿಮಗೇ ಹೇಳಿಲ್ಲ, ಇನ್ನು ಅಕ್ಕಂಗೆ ಹೇಳ್ತೀನಾ?"

ಕಿತ್ತಳೆ ಇಸಿದುಕೊಂಡು ಸುಲಿದುಕೊಟ್ಟೆ. ಬೇರೇನು ಮಾಡಲಿ?

ಅದೇ ದಿನ, ಸಂಜೆ

ನಾಳೆ ಹಾಲ್‌ಗೆ ಇಬ್ಬರೂ ಹೋಗುವುದು. ಅವನು ಪಕ್ಕದಲ್ಲಿ ಕೂತು ಏರಿಸಿ, ಇಳಿಸಿ ಅಂತ ಹೇಳುತ್ತಾನೆ, ನಾನು ತಿರುಗಿಸುವುದು. "ಕುಂಟ ಕುರುಡರ ಜೋಡಿ ಭಾವ, ದಾರಿ ಸಾಗುತ್ತೆ" ಅಂತ ತಮಾಷೆ ಮಾಡಿ ಕಳಿಸಿದ.

ಉಪಕಾರ ಅಂದುಕೊಳ್ಳಬೇಕು. ಆಗುತ್ತಿಲ್ಲ. ಸಿಟ್ಟು ಬರುತ್ತಿದೆ. ಎರಡು ವರ್ಷ ಕಿವಿ ಮೇಲೆ ಹೂ ಇಡಿಸಿಕೊಂಡು ಊರೆಲ್ಲ ತಿರುಗಿದ್ದೇನೆ. ಇವಳು ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದಾಳೆ. ಇವತ್ತೇ ಹೇಳಬೇಕು. ಹೇಳುತ್ತೇನೆ.

ಒಂದು ವಿಷಯ ಬಿಡುತ್ತಿಲ್ಲ. ಹೋದ ವರ್ಷ, ಅದೇ ಹಾಲ್. ಕಚೇರಿ ಮುಗಿದ ಮೇಲೆ ಆ ಹಿರಿಯ ಪಿಯಾನಿಸ್ಟ್ ನನ್ನನ್ನು ಸ್ಟೇಜಿಗೆ ಕರೆಸಿ, ಎಲ್ಲರೆದುರು ಎರಡೂ ಕೈ ಹಿಡಿದುಕೊಂಡರು. ಇಂಥ ಮೇಲಿನ ಸ್ಥಾಯಿ ತಾನು ಎಲ್ಲೂ ಕೇಳಿಲ್ಲ, ಈ ಕಿವಿಗೆ ನಮಸ್ಕಾರ, ಅಂದರು. ನಾನು ಬಾಗಿದೆ. ಎಷ್ಟು ಬೀಗಿದ್ದೆ! ಭಾಮೈದ ಕೆಳಗೆ ನನ್ನ ಟೂಲ್ ಬ್ಯಾಗ್ ಹಿಡಿದುಕೊಂಡು ನಿಂತಿದ್ದ. ನಾನು ಅವನ ಕಡೆ ತಿರುಗಿ ಮೈಕಿನಲ್ಲೇ ಹೇಳಿದ್ದೆ, "ನೀನೂ ಕಲಿತ್ಕೋ, ಕಿವಿ ಅಂದ್ರೆ ಇದು!"