ಗುಡ್ಡಕ್ಕೆ ಹೇಳಿದ ಮಾತು

ಆವನಿ
ಮಂಗಳವಾರ, ೧೨ ನವೆಂಬರ್ ೨೦೨೪

ಸೀತಾಫಲದ ಸರದಾರ, ನನ್ನ ನಾಟಕಗಳಿಗೆಲ್ಲ ಪರದೆ ಎಳೆದ ಮಹಾನುಭಾವ, ಗೆಳೆಯ ತಾಜ್ ಪಾಷಾನಿಗೆ ಕೋದಂಡರಾಮಪ್ಪನ ತುಂಬುಗಂಟಲಿನ ಸಲಾಂ.

ಟೊಮೆಟೊ ಕೀಳುವ ಕೆಲಸ ಬಿಟ್ಟು ಕೋಲಾರದ ಆಸ್ಪತ್ರೆಗೆ ಬರಲಾಗುತ್ತಿಲ್ಲ, ಕ್ಷಮಿಸು. ಇಷ್ಟು ವರ್ಷ ನಿನ್ನ ಜೊತೆ ಸಂಸಾರ ಮಾಡಿದ ಮಹಾತಾಯಿ ಅಖ್ತರಮ್ಮ ಫೋನಿನಲ್ಲಿ ಎಲ್ಲ ಹೇಳಿದರು. ಮುರಿದ ಸೊಂಟಕ್ಕೆ ರಾಡ್ ಹಾಕಿದ ಆಪರೇಷನ್ ಚೆನ್ನಾಗಿಯೇ ಆಗಿದೆಯಂತೆ. ಮರುದಿನವೇ ವಾಕರ್ ಹಿಡಿದು ನಿಲ್ಲು ಎಂದರೆ ನೀನು ಗೋಡೆಯ ಕಡೆ ತಿರುಗಿ ಮಲಗಿದೆಯಂತೆ. ಹೀಗೇ ಮಲಗಿದ್ದರೆ ಎದೆಯಲ್ಲಿ ಕಫ ಕಟ್ಟುತ್ತದೆ, ಬೆನ್ನು ಹುಣ್ಣಾಗುತ್ತದೆ, ಈ ವಯಸ್ಸಿನಲ್ಲಿ ಆಪರೇಷನ್ ಗೆದ್ದವರೂ ಹಾಸಿಗೆಗೆ ಸೋಲುತ್ತಾರೆ ಎಂದು ಡಾಕ್ಟರಮ್ಮ ಎಚ್ಚರಿಸಿದ್ದಕ್ಕೆ ನೀನು ಕೊಟ್ಟ ಉತ್ತರ ಈಗ ಊರಿಗೆಲ್ಲ ಬಾಯಿಪಾಠ: "ನಮ್ ಗುಡ್ಡಾನ ಮುಟ್ದೆ ಬಿಟ್ವಿ, ತಾನೇ ಚಿಗುರ್ತು. ಮೂಳೆನೂ ಹಂಗೇ ಬಿಟ್ಬಿಡಿ ಮೇಡಂ."

ಭಲೇ ದೊರೆ. ಸೊಂಟವನ್ನೂ ಸಂರಕ್ಷಿತ ಕಾಡು ಮಾಡಿಕೊಂಡು ಬೇಲಿ ಹಾಕಿ ಮಲಗಿದವನು ಈ ಜಿಲ್ಲೆಯಲ್ಲಿ ನೀನೊಬ್ಬನೇ.

ಹತ್ತು ವರ್ಷದ ಹಿಂದಿನ ಆ ಸಭೆ ನನ್ನ ಕಣ್ಣಿಗೆ ಕಟ್ಟಿದಂತಿದೆ. ಕರಡಿಗುಡ್ಡದ ನಿರ್ವಹಣಾ ಯೋಜನೆಗೆ ಊರಿನವರ ಅಭಿಪ್ರಾಯ ಕೇಳಲು ಅರಣ್ಯ ಇಲಾಖೆಯವರು ಶಾಲೆಗೆ ಬಂದಿದ್ದರು. ಕರಡಿ ಮರಿ ಹಾಕುವ ಕಣಿವೆಯನ್ನು ಜನರಿಗೆ ಮುಚ್ಚೋಣವೇ ಎಂದಾಗ ಎಲ್ಲರೂ ನಿನ್ನ ಮುಖ ನೋಡಿದರು. ಆ ಕಣಿವೆಯ ಸೀತಾಫಲ ಮಾರಿಯೇ ಮಕ್ಕಳನ್ನು ದಡ ಸೇರಿಸಿದವನಲ್ಲವೇ ನೀನು? ಟೋಪಿ ಸರಿಮಾಡಿಕೊಂಡು ಎದ್ದು ಹೇಳಿದೆ: "ಮುಚ್ಚಿ ಸಾರ್. ಅದೂ ಮರಿ ಸಾಕ್ಬೇಕಲ್ಲ. ನಾನು ಬಾಳೆಹಣ್ ಮಾರ್ಕೊಂಡು ಬದುಕ್ತೀನಿ." ಕಿರೀಟ ಹೊತ್ತು ರಂಗದ ಮೇಲೆ ನಾನು ಎಷ್ಟೋ ರಾಜ್ಯಗಳನ್ನು ದಾನ ಮಾಡಿದ್ದೇನೆ ಕಣೋ, ಎಲ್ಲ ರಟ್ಟಿನವು. ನಿಜವಾದ ರಾಜ್ಯ ಬಿಟ್ಟುಕೊಟ್ಟವನನ್ನು ನಾನು ನೋಡಿದ್ದು ಅಂದು ಮಾತ್ರ.

ಆದರೆ ಗುಡ್ಡ ತಾನೇ ಚಿಗುರಿತೆಂದು ಡಾಕ್ಟರಮ್ಮನಿಗೆ ಹಸಿ ಸುಳ್ಳು ಹೇಳಿದೆಯಲ್ಲ ತಾಜು? ಬೇಸಿಗೆಯ ಕಿಚ್ಚು ಮೇಲೆ ಹತ್ತದಂತೆ ವರ್ಷವರ್ಷವೂ ಬುಡದಲ್ಲಿ ಹುಲ್ಲು ಹೆರೆದು ಬೆಂಕಿ ರೇಖೆ ಮಾಡಿಸಿದವನು ಯಾರು? ಬೇರೆ ಗಿಡ ಏಳಗೊಡದ ಲಂಟಾನ ಪೊದೆಗಳನ್ನು ಬೇರುಸಮೇತ ಕಿತ್ತವನು ಯಾರು? ಬಂಡೆಯಿಂದ ಜಾರಿ ಬಿದ್ದು ಈ ಸೊಂಟ ಮುರಿದುಕೊಂಡಾಗಲೂ ಆ ಬೇರು ನಿನ್ನ ಮುಷ್ಟಿಯಲ್ಲೇ ಇತ್ತು. ಬಿಡಿಸಿ ಎತ್ತಿದವನು ನಾನು, ನನಗೆ ಗೊತ್ತಿಲ್ಲವೇ? ಗುಡ್ಡವನ್ನು ಉಳಿಸಿದ್ದು ಅದರ ಸುತ್ತ ನಡೆದ ನಿನ್ನ ಕಾಲು.

ನಿನ್ನೆ ಮುಂದಿನ ಹತ್ತು ವರ್ಷದ ಯೋಜನೆಗೆ ಮತ್ತೆ ಸಭೆ ಸೇರಿತ್ತು. ನೀನು ಇನ್ನು ಏಳುವುದಿಲ್ಲವೆಂದು ಯಾರೋ ಗುಸುಗುಸು ಹಬ್ಬಿಸಿದ್ದರು, ಬೆಂಕಿ ರೇಖೆಯ ತಂಡಕ್ಕೆ ಬೇರೆ ಮುಖಂಡನನ್ನು ಹುಡುಕುತ್ತಿದ್ದರು. ನಾನು ಮೈಕನ್ನು ಪಕ್ಕಕ್ಕಿಟ್ಟು, ಸಂಕ್ರಾಂತಿಯ ಹೊತ್ತಿಗೆ ತಾಜ್ ಪಾಷಾ ಕೋಲೂರಿಕೊಂಡಾದರೂ ಗುಡ್ಡದ ಬುಡದಲ್ಲಿ ನಿಂತು ಹುಕುಂ ಕೊಡುತ್ತಾನೆ ಎಂದು ಗರ್ಜಿಸಿದೆ. ಶಾಲೆಯ ಹೆಂಚು ಅದುರಿತು, ನಿನ್ನ ಹೆಸರು ಉಳಿಯಿತು. ಈಗ ನನ್ನ ಮಾನ ನಿನ್ನ ಕಾಲಲ್ಲಿದೆ.

ತೊಡೆ ಮುರಿದ ರಾಜನ ಪಾತ್ರದಲ್ಲಿ ನಾನು ಬಿದ್ದುಕೊಂಡು ಹಾಡಿದ್ದೇ ಹಾಡುತ್ತಿದ್ದರೆ, ನೀನು ಪರದೆಯ ಹಗ್ಗ ಹಿಡಿದು ಮರೆಯಿಂದ ಬೈಯುತ್ತಿದ್ದುದು ನೆನಪಿದೆಯೇ? "ಎದ್ದೇಳ್ಲಾ ರಾಜ, ಜನ ಮನೆಗೆ ಹೋದ್ರು."

ಇಂತಿ,
ನೀನು ಪರದೆ ಎತ್ತದೆ ರಂಗಕ್ಕೆ ಬಾರದ
ಕೋದಂಡರಾಮಪ್ಪ

ತಾ.ಕ.: ಟೊಮೆಟೊ ಕಿತ್ತು ವಾರವಾಯಿತು. ಈ ಪತ್ರ ಬರೆದದ್ದು ಆವನಿಯಲ್ಲಲ್ಲ, ನಿನ್ನ ವಾರ್ಡಿನ ಬಾಗಿಲಾಚೆಯ ಬೆಂಚಿನ ಮೇಲೆ. ನಿನ್ನೆ ಸಭೆಗೆ ಹೋಗಿಬಂದದ್ದು ಬಿಟ್ಟರೆ ಆಪರೇಷನ್ ಆದ ದಿನದಿಂದ ಇಲ್ಲೇ ಇದ್ದೇನೆ. ನೀನು ಮಲಗಿರುವುದನ್ನು ನೋಡುವ ಎದೆಗಾರಿಕೆ ಈ ಮಹಾರಾಜನಿಗೆ ಇಲ್ಲ. ಒಳಗೆ ಬರುವುದಿಲ್ಲ, ವಾಕರ್ ಹಿಡಿದು ಬಾಗಿಲತನಕ ನೀನೇ ಬಾ. ಎದ್ದೇಳ್ಲಾ ರಾಜ, ಜನ ಇನ್ನೂ ಮನೆಗೆ ಹೋಗಿಲ್ಲ.