ಸಭಾಂಗಣದ ಹಿಂಗೋಡೆ

ನವೆಂಬರ್ 5, ಮಂಗಳವಾರ. ಸಂಜೆ

ಮತ್ತೆ ತಪ್ಪು ಗೇಟು. ಇದು ಮೂರನೆಯದು. ಕಾನ್ಫರೆನ್ಸಿನವರು ಕಳಿಸಿದ ನಕ್ಷೆಯಲ್ಲಿ ದಕ್ಷಿಣ ಗೇಟು ಇದೆ. ನೋಡಿದರೆ ಅಲ್ಲಿ ಇಟ್ಟಿಗೆ ಕಟ್ಟಿ ಮುಚ್ಚಿದ್ದಾರೆ. ಸೂಟ್‌ಕೇಸ್ ಎಳೆದುಕೊಂಡು ಏರುದಾರಿ... ಕೊನೆಗೆ ಕ್ಯಾಂಪಸ್ ಬಸ್ಸಿನ ಡ್ರೈವರ್ ಕನಿಕರಪಟ್ಟು ನಿಲ್ಲಿಸಿದ.

"ಹತ್ತಿ ಮೇಡಂ. ಇಲ್ಲಿ ಬೋರ್ಡ್ ನಂಬ್ಕೊಂಡ್ರೆ ಕೆಟ್ರಿ."

ದೊಡ್ಡ ಸಭಾಂಗಣದ ಹಿಂದಿನ ರಸ್ತೆ ಬಂದ್. ಡಾಂಬರು ಒಂದು ಗೇಣು ಕುಸಿದಿದೆ.

"ಮಳೆ ಆದಾಗಿಂದ ಹೀಗೇ. ದಿನಾ ಚೂರು ಚೂರು ಇಳೀತಾ ಇದೆ," ಎಂದ, ಆಕಳಿಸುತ್ತ.

ಮಣ್ಣಿನ ಪಾಠ ಮಾಡಿ ಹೊಟ್ಟೆ ಹೊರೆಯುವವಳು ನಾನು. ಚೂರು ಚೂರು — ಆ ಮಾತು ಇನ್ನೂ ಕಿವಿಯಲ್ಲಿದೆ.

ಗೆಸ್ಟ್ ಹೌಸಿನಲ್ಲಿ ನನ್ನ ಪಿಎಚ್‌ಡಿ ಗೈಡ್ ಸರ್ ರೂಮಿನ ಎದುರೇ ನನ್ನ ರೂಮು. ಅಮ್ಮನೂ ಬಂದಿದ್ದಾರೆ — ಸರ್ ಹೆಂಡತಿಯನ್ನು ನಾವು ವಿದ್ಯಾರ್ಥಿಗಳೆಲ್ಲ ಕರೆಯುವುದೇ ಹಾಗೆ. ಗುರುವಾರ ಅದೇ ಸಭಾಂಗಣದಲ್ಲಿ ಉದ್ಘಾಟನೆ, ಸರ್ ಭಾಷಣ. ಇಪ್ಪತ್ತೇಳು ವರ್ಷದ ಹಿಂದೆ ಆ ಕಟ್ಟಡದ ಪಾಯ ಪರೀಕ್ಷಿಸಿ ಸಹಿ ಹಾಕಿದವರು ಅವರೇ.

ನವೆಂಬರ್ 6, ಬುಧವಾರ. ಬೆಳಿಗ್ಗೆ 7.40

ಸಭಾಂಗಣಕ್ಕೆ ಒಂದು ಸುತ್ತು ಹಾಕಿ ಬಂದೆ. ಹಿಂದೆ ಗುಡ್ಡ, ಗುಡ್ಡಕ್ಕೆ ಒತ್ತಿಕೊಂಡೇ ಗೋಡೆ. ಮೂರನೇ ಕಂಬದ ಪಕ್ಕದಿಂದ ಬಿರುಕು, ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ. ಹೆಬ್ಬೆರಳು ಹೋಗುತ್ತದೆ. ಬುಡದಲ್ಲಿ ನೀರು ಜಿನುಗುತ್ತಿದೆ — ಕೆಸರು ನೀರು. ತಿಳಿನೀರಾಗಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಒಳಗಿನ ಮಣ್ಣು ಹೊರಬರುತ್ತಿದೆ.

ಪಕ್ಕದ ಬಾಗಿಲು ಮುಚ್ಚುವುದಿಲ್ಲ. ವಾಚ್‌ಮನ್ ನಕ್ಕ: "ಬಡಗಿ ಎರಡು ಸಲ ಕೆತ್ತಿದ ಮೇಡಂ. ಈ ಬಾಗಿಲು ಮತ್ತೆ ಮತ್ತೆ ಬೆಳೆಯುತ್ತೆ."

ಬಾಗಿಲು ಬೆಳೆಯುವುದಿಲ್ಲ. ಚೌಕಟ್ಟು ಬಾಗುತ್ತಿದೆ.

ಲ್ಯಾಬಿನಿಂದ ಒಂದು ಗಾಜಿನ ಪಟ್ಟಿ ಬೇಡಿ ತಂದು ಬಿರುಕಿಗೆ ಅಡ್ಡಲಾಗಿ ಅಂಟಿಸಿದೆ. ಗೋಡೆ ಅಲುಗಿದರೆ ಗಾಜು ಮುರಿಯುತ್ತದೆ.

11.15

ಕಾನ್ಫರೆನ್ಸ್ ಕಾರ್ಯದರ್ಶಿ ನನ್ನ ಸಹಪಾಠಿ. ಆಗಿನಿಂದಲೂ ಅವನ ಅಡ್ಡಹೆಸರು 'ಟೈಮ್‌ಟೇಬಲ್'. ಹೇಳಿದೆ.

"ಗೋಡೆಗೆ ಕಿವಿ ಇರುತ್ತೆ ಅಂತ ಕೇಳಿದ್ದೆ, ಕಾಲೂ ಇದೆ ಅಂತೀಯಾ? ಏಳುನೂರು ಕುರ್ಚಿ ಹಾಕ್ಸಿದ್ದೀನಿ ಕಣೇ. ಸರ್ ಒಂದು ಮಾತು ಹೇಳ್ಲಿ, ಜಾಗ ಬದಲಾಯಿಸ್ತೀನಿ."

ಸರ್ ಹೇಳಬೇಕಂತೆ...

ಸಂಜೆ 5.30

ಸರ್ ಆ ಮಾತು ಹೇಳಲಿಲ್ಲ. ಅಮ್ಮ ಒಳಗೆ ಮಲಗಿದ್ದರು. ಜಗುಲಿಯಲ್ಲಿ ನಾವಿಬ್ಬರೇ.

"ಇಪ್ಪತ್ತೇಳು ವರ್ಷ ನಿಂತಿದೆ. ನಾಳೆ ಬೀಳುತ್ತೇನಮ್ಮ?"

"ನಾಳೆಯೇ ಅಂತಲ್ಲ ಸರ್. ನಾಳೆ ಅಲ್ಲ ಅನ್ನೋ ಧೈರ್ಯ ನನಗಿಲ್ಲ."

"ನನ್ನ ಸಹಿ ಅಳಿಸೋಕೆ ಇಷ್ಟು ದೂರ ಬಂದ್ಯಾ?"

ಎದೆಗೆ ನಾಟಿತು. ಹಾಲುಣಿಸಿದಂತೆ ವಿದ್ಯೆ ಕೊಟ್ಟವರು. ಸುಮ್ಮನೆ ಎದ್ದು ಬರಬೇಕಿತ್ತು. ಬರಲಿಲ್ಲ. ಏನೋ ಅಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ನವೆಂಬರ್ 7, ಗುರುವಾರ. ಬೆಳಿಗ್ಗೆ 6.50

ಗಾಜು ಎರಡು ತುಂಡು. ನಡುವೆ ಉಗುರು ಹೋಗುವಷ್ಟು ಜಾಗ. ಒಂದು ದಿನವೂ ತುಂಬಿಲ್ಲ!

9.35, ಲೈಬ್ರರಿ ಹಾಲ್

ಮುರಿದ ಗಾಜಿನ ಫೋಟೋ ನೋಡಿ ಟೈಮ್‌ಟೇಬಲ್ ಮುಖ ಸುಣ್ಣವಾಯಿತು. ಯಾರ ಅಪ್ಪಣೆಗೂ ಕಾಯಲಿಲ್ಲ. ಸಭಾಂಗಣಕ್ಕೆ ಬೀಗ. ಜನರನ್ನೆಲ್ಲ ಇಲ್ಲಿಗೆ ಸಾಗಿಸಿದ್ದಾರೆ — ನೆಲದ ಮೇಲೆ, ಮೆಟ್ಟಿಲ ಮೇಲೆ, ಎಲ್ಲೆಂದರಲ್ಲಿ. ಹಿಂದಿನ ಸಾಲಿನಲ್ಲಿ ಯಾರೋ "ಇವರೇನಾ ಗೋಡೆ ಮೇಡಂ?" ಎಂದು ಪಿಸುಗುಟ್ಟಿ ನಕ್ಕರು. ನಗಲಿ.

ಅಮ್ಮ ಬಂದು ಮುಂದೆ ಕೂತಿದ್ದಾರೆ. ಪಕ್ಕದಲ್ಲಿ ಸರ್ ಕುರ್ಚಿ ಖಾಲಿ. "ಮೊದಲನೇ ಬಸ್ಸಲ್ಲೇ ಬಂದ್ರಲ್ಲ?" ಎಂದು ನನ್ನನ್ನೇ ಕೇಳುತ್ತಿದ್ದಾರೆ. ಡ್ರೈವರ್ ಬಾಗಿಲಲ್ಲಿ ನಿಂತು ಕೈಬೀಸಿ ಕರೆಯುತ್ತಿದ್ದಾನೆ, ನನ್ನನ್ನು...

ನವೆಂಬರ್ 13, ಬುಧವಾರ

ಆರು ದಿನ ಪೆನ್ನು ಹಿಡಿಯಲಿಲ್ಲ.

"ಹಿರಿಯ ಸರ್ ದೊಡ್ಡ ಹಾಲ್ ಹತ್ರ ಇಳಿಸು ಅಂದ್ರು, ಇಳಿಸಿದೆ," ಎಂದ ಡ್ರೈವರ್ ಅವತ್ತು. ನನ್ನನ್ನು ಹತ್ತಿಸಿಕೊಂಡು ಬಸ್ಸು ಅತ್ತ ತಿರುಗಿಸಿದ. ತಿರುವಿನಲ್ಲಿದ್ದಾಗಲೇ ಸದ್ದು ಕೇಳಿಸಿತು. ಬಂಡೆ ಉರುಳಿದ ಹಾಗಲ್ಲ, ಯಾರೋ ದೀರ್ಘವಾಗಿ ಉಸಿರು ಬಿಟ್ಟ ಹಾಗೆ. ಆಮೇಲೆ ಕೆಂಪು ಧೂಳು.

ಒಳಗೆ ಏಳುನೂರು ಖಾಲಿ ಕುರ್ಚಿ ಮಣ್ಣಿನಡಿ. ಹೊರಗೆ, ಮೂರನೇ ಕಂಬ ಇದ್ದಲ್ಲಿ, ಸರ್. ಮಧ್ಯಾಹ್ನ ತೆಗೆದರು. ಕೈಯಲ್ಲಿ ಅಳತೆ ಟೇಪು. ಅಳೆಯುತ್ತಿದ್ದರು.

ಪತ್ರಿಕೆಗಳಲ್ಲಿ ನನ್ನ ಫೋಟೋ. ಟೈಮ್‌ಟೇಬಲ್ ಫೋನಿನಲ್ಲಿ ಅತ್ತ: "ನಿನ್ನಿಂದ ಉಳಿದ್ವಿ ಕಣೇ." ಗೋಡೆ ಮೇಡಂ ಎಂದವರೂ ಪತ್ರ ಬರೆದಿದ್ದಾರೆ.

ಇವತ್ತು ಅಮ್ಮನ ಮನೆಗೆ ಹೋದೆ. ನೀರು ಕೊಟ್ಟರು. ತಲೆ ಸವರಿದರು — ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಹಠಮಾರಿ, ಗೊತ್ತು ನಂಗೆ. ಆದ್ರೆ ಭಾಷಣ ಬಿಟ್ಟು ಅಲ್ಲಿಗ್ಯಾಕೆ ಹೋದ್ರು ಮಗಳೇ? ಯಾರಾದ್ರೂ ಕರೆದ್ರಾ?"

"ಯಾರೂ ಕರೀಲಿಲ್ಲ ಅಮ್ಮ," ಅಂದೆ.

ಸುಳ್ಳಲ್ಲ. ಕರೆದವರು ಯಾರೂ ಇಲ್ಲ.

ಹೋದ ಬುಧವಾರ ಜಗುಲಿಯಲ್ಲಿ ಅಂದದ್ದನ್ನು ಇಲ್ಲಾದರೂ ಬರೆಯಬೇಕು. ಓದುವವರು ಯಾರಿದ್ದಾರೆ? ಬರೆಯುತ್ತೇನೆ. ನಾನು ಅಂದದ್ದು — ನನ್ನ ಮಾತು ನಂಬದಿದ್ರೆ ನೀವೇ ಹೋಗಿ ಅಳೆದು...